ತಾನಾಗಿ ಫೋಕಸ್ ಆಗುವ ಕನ್ನಡಕಕ್ಕೆ ಕಾಯಬೇಕಾ?

ಪ್ರಶ್ನೆ: ಮೇಡಂ, ನನಗೆ 54 ವರ್ಷ. ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ದೂರಕ್ಕೆ ಪ್ಲಸ್ 0.75 ಇದೆ, ಓದೋದಕ್ಕೆ ಅದರ ಮೇಲೆ ಪ್ಲಸ್ 2. ಈಚೆಗೆ ಪ್ರೋಗ್ರೆಸಿವ್ ಕನ್ನಡಕ ಮಾಡಿಸಿದೆ. ಮೇಲಿನ ರ‍್ಯಾಕಿನ ಡಬ್ಬಿಗಳ ಹೆಸರು ಓದಲು ಗದ್ದ ಎತ್ತಿ ಎತ್ತಿ ಸಂಜೆ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಅಟ್ಟದ ಮೆಟ್ಟಿಲು ಇಳಿಯುವಾಗ ಹೆಜ್ಜೆ ತಪ್ಪಿದ ಹಾಗಾಗುತ್ತದೆ. ಬೆಂಗಳೂರಿನಲ್ಲಿರುವ ಮಗ ಒಂದು ವಿಡಿಯೋ ಕಳಿಸಿದ್ದಾನೆ. ನಾವು ಎಲ್ಲಿ ನೋಡುತ್ತೇವೋ ಅಲ್ಲಿಗೆ ತಾನಾಗಿ ಫೋಕಸ್ ಆಗುವ ಕನ್ನಡಕವಂತೆ. ‘ಅದು ಬರೋವರೆಗೆ ಕಾಯಿರಿ ಅಪ್ಪಾಜಿ, ಸುಮ್ನೆ ದುಡ್ಡು ಹಾಕಬೇಡಿ’ ಎನ್ನುತ್ತಾನೆ. ಹನಿ ಔಷಧಿ ಬಂದಿದೆ, ಇನ್ನು ಕನ್ನಡಕವೇ ಬೇಡ ಅಂತಲೂ ಎಲ್ಲೋ ಓದಿದೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಮಗ ಕಳಿಸಿದ ವಿಡಿಯೋ ಸುಳ್ಳಲ್ಲ. ಅಂಥ ಕನ್ನಡಕಗಳನ್ನು ನಿಜವಾಗಿಯೂ ಮಾಡುತ್ತಿದ್ದಾರೆ, ಒಳ್ಳೆಯ ತಲೆಗಳು ಅದರ ಹಿಂದೆ ಕೂತಿವೆ. ಒಂದಲ್ಲ ಒಂದು ದಿನ ನಮ್ಮ ಊರಿನ ಅಂಗಡಿಗೂ ಬರುತ್ತವೆ ಎಂದೇ ನಾನು ನಂಬಿದ್ದೇನೆ. ಆದರೆ ನಿಮ್ಮ ಕುತ್ತಿಗೆ ನೋವಿಗೆ, ಮೆಟ್ಟಿಲಿನ ತೊಂದರೆಗೆ ಅಲ್ಲಿಯವರೆಗೆ ಕಾಯಬೇಕಿಲ್ಲ. ನೀವು ಮಾಡಿಸಿದ ಕನ್ನಡಕವೂ ಕೆಟ್ಟದ್ದಲ್ಲ. ಅದು ನಿಮ್ಮ ಅಂಗಡಿಯ ಕೆಲಸಕ್ಕೆ ಮಾಡಿದ್ದಲ್ಲ, ಅಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೆಕ್ಕ ಗೊತ್ತಾದರೆ ನಾಳೆ ಆ ಹೊಸ ಕನ್ನಡಕ ಬಂದಾಗಲೂ ಯಾರೂ ನಿಮಗೆ ಸುಳ್ಳು ಹೇಳಿ ಮಾರಲು ಆಗುವುದಿಲ್ಲ.

ಮೊದಲು ಕಣ್ಣಿನ ಒಳಗೆ ಆಗಿರುವುದೇನು ನೋಡೋಣ. ಕಣ್ಣಿನ ಪಾಪೆಯ ಹಿಂದೆ ಒಂದು ಪಾರದರ್ಶಕ ಮಸೂರ ಇದೆ. ಅದರ ಸುತ್ತ ಉಂಗುರದ ಹಾಗೆ ಒಂದು ಸ್ನಾಯು. ದೂರ ನೋಡುವಾಗ ಮಸೂರ ಚಪ್ಪಟೆಯಾಗಿರುತ್ತದೆ. ಹತ್ತಿರ ನೋಡುವಾಗ ಸ್ನಾಯು ಬಿಗಿಯಾಗಿ ಮಸೂರ ಉಬ್ಬುತ್ತದೆ, ಪವರ್ ಹೆಚ್ಚುತ್ತದೆ. ವಯಸ್ಸಾದ ಹಾಗೆ ಮಸೂರ ನಾದಿಟ್ಟ ಹಿಟ್ಟು ಒಣಗಿದಂತೆ ಬಿರುಸಾಗುತ್ತಾ ಹೋಗುತ್ತದೆ. ಸ್ನಾಯು ತನ್ನ ಕೆಲಸ ಮಾಡಿದರೂ ಮಸೂರ ಉಬ್ಬುವುದಿಲ್ಲ. ನಲವತ್ತರ ಆಚೀಚೆ ಎಲ್ಲರಿಗೂ ಬರುವ ಚಾಳೀಸು ಎಂದರೆ ಇದೇ. ಮೊಬೈಲ್ ನೋಡಿದ್ದರಿಂದ ಬಂದದ್ದಲ್ಲ, ಕ್ಯಾರೆಟ್ ತಿಂದರೆ ಹೋಗುವುದಲ್ಲ, ಕಣ್ಣಿನ ವ್ಯಾಯಾಮಕ್ಕೆ ಬಗ್ಗುವುದೂ ಅಲ್ಲ. ಕನ್ನಡಕ ಹಾಕಿದ್ದರಿಂದ ಪವರ್ ಜಾಸ್ತಿಯಾಯಿತು ಎನ್ನುವವರು ಬಹಳ ಜನ. ಹಾಕದೇ ಇದ್ದಿದ್ದರೂ ಅಷ್ಟೇ ಆಗುತ್ತಿತ್ತು.

ಇದನ್ನು ಅಳೆಯಲು ಡಯಾಪ್ಟರ್ ಎಂಬ ಅಳತೆ ಇದೆ. ನಿಮ್ಮ ಚೀಟಿಯಲ್ಲಿರುವ ನಂಬರ್‌ಗಳೆಲ್ಲ ಅದೇ. ಲೆಕ್ಕ ಸುಲಭ: 1ನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿ. ಒಂದು ಮೀಟರಿನಲ್ಲಿರುವ ವಸ್ತು ಸ್ಪಷ್ಟ ಕಾಣಲು 1 ಡಯಾಪ್ಟರ್ ಬೇಕು. ಅರ್ಧ ಮೀಟರಿಗೆ 2. ಮಾತ್ರೆ ಸ್ಟ್ರಿಪ್ಪಿನ ಮೇಲಿನ ಎಕ್ಸ್‌ಪೈರಿ ದಿನಾಂಕ ಓದಲು ನೀವು ಅದನ್ನು 33 ಸೆಂಟಿಮೀಟರಿಗೆ ತಂದರೆ 3 ಡಯಾಪ್ಟರ್ ಬೇಕು. ಹತ್ತು ವರ್ಷದ ಹುಡುಗನ ಕಣ್ಣಿಗೆ 12ಕ್ಕಿಂತ ಹೆಚ್ಚೇ ಇರುತ್ತದೆ, ಅವನು ಪುಸ್ತಕವನ್ನು ಮೂಗಿಗೆ ಅಂಟಿಸಿಕೊಂಡೂ ಓದಬಲ್ಲ. 54ನೇ ವಯಸ್ಸಿಗೆ ಸರಾಸರಿ ಉಳಿಯುವುದು 2ಕ್ಕಿಂತ ಸ್ವಲ್ಪ ಜಾಸ್ತಿ. ಇದ್ದದ್ದನ್ನೆಲ್ಲ ಹಿಂಡಿ ಬಳಸಿದರೆ ಕಣ್ಣು ದಣಿಯುತ್ತದೆ, ಅದಕ್ಕೆ ಅರ್ಧವನ್ನು ಮೀಸಲು ಬಿಡುವುದು ನಮ್ಮ ವೃತ್ತಿಯ ರೂಢಿ. ಅಂದರೆ ಕಣ್ಣಿನ ಪಾಲು ಒಂದು ಚಿಲ್ಲರೆ, ಉಳಿದ ಸುಮಾರು 2 ಕನ್ನಡಕದಿಂದ ಬರಬೇಕು. ನಿಮ್ಮ ಚೀಟಿಯ ಪ್ಲಸ್ 2 ಹುಟ್ಟಿದ್ದು ಹೀಗೆ. ಸರಿಯಾಗಿಯೇ ಕೊಟ್ಟಿದ್ದಾರೆ.

ಈಗ ಕನ್ನಡಕದ ವಿಷಯ. ಒಂದೇ ಗಾಜಿನಲ್ಲಿ ಎರಡು ಪವರ್ ಇಡುವ ಬೈಫೋಕಲ್ ಬಗ್ಗೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲೇ ಪತ್ರ ಬರೆದಿದ್ದರು. ಮೇಲೆ ದೂರ, ಕೆಳಗೆ ಓದು, ನಡುವೆ ಗೆರೆ. ಗೆರೆಯಿಲ್ಲದ ಪ್ರೋಗ್ರೆಸಿವ್ 1959ರಲ್ಲಿ ಫ್ರಾನ್ಸಿನಲ್ಲಿ ಮಾರುಕಟ್ಟೆಗೆ ಬಂತು, ಬರ್ನಾರ್ಡ್ ಮೆಟ್ನಾಜ್ ಎಂಬ ಎಂಜಿನಿಯರ್ ಮಾಡಿದ ವ್ಯಾರಿಲಕ್ಸ್. ಅದರಲ್ಲಿ ಪವರ್ ಮೇಲಿಂದ ಕೆಳಕ್ಕೆ ನಿಧಾನವಾಗಿ ಏರುತ್ತದೆ. ಏರುವ ದಾರಿ ಕಿರಿದಾದ ಓಣಿ. ಓಣಿಯ ಎರಡೂ ಪಕ್ಕ ಮಸುಕು. ಇದು ತಯಾರಕರ ಸೋಮಾರಿತನ ಅಲ್ಲ. ಓಣಿಯ ಉದ್ದಕ್ಕೆ ಪವರ್ ಎಷ್ಟು ಬೇಗ ಏರುತ್ತದೋ, ಪಕ್ಕಕ್ಕೆ ಮಸುಕು ಅದರ ಎರಡು ಪಟ್ಟು ವೇಗದಲ್ಲಿ ಏರುತ್ತದೆ ಎಂದು ಮಿಂಕ್‌ವಿಟ್ಜ್ ಎಂಬ ಜರ್ಮನ್ ತಜ್ಞರು 1963ರಲ್ಲಿ ಗಣಿತದಿಂದಲೇ ತೋರಿಸಿದರು. ಎಷ್ಟೇ ದುಬಾರಿ ಲೆನ್ಸ್ ತಗೊಳ್ಳಿ, ಆ ಮಸುಕನ್ನು ಅತ್ತಿತ್ತ ಸರಿಸಬಹುದು, ತೆಳ್ಳಗೆ ಹರಡಬಹುದು. ಪೂರ್ತಿ ಅಳಿಸಲು ಆಗದು.

ನಿಮ್ಮ ಎರಡೂ ತೊಂದರೆಗೆ ಕಾರಣ ಈ ಲೆಕ್ಕದಲ್ಲೇ ಇದೆ.

ಮೆಟ್ಟಿಲು ಇಳಿಯುವಾಗ ಕಣ್ಣು ಕೆಳಗೆ ಹೋಗುತ್ತದೆ, ಅಂದರೆ ಲೆನ್ಸಿನ ಓದುವ ಭಾಗಕ್ಕೆ. ಅಲ್ಲಿ ಹೆಚ್ಚುವರಿ ಪ್ಲಸ್ 2 ಕೂತಿದೆ. ಅದರ ಮೂಲಕ ಅರ್ಧ ಮೀಟರಿನವರೆಗೆ ಮಾತ್ರ ಚೊಕ್ಕ ಕಾಣುತ್ತದೆ. ಮೆಟ್ಟಿಲು ಇರುವುದು ಕಣ್ಣಿನಿಂದ ಒಂದೂವರೆ ಮೀಟರ್ ಕೆಳಗೆ. ಮೆಟ್ಟಿಲಿನ ಅಂಚು ಮಸುಕಾಗಿ, ಅಲುಗಿದ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಇದನ್ನು ಹಗುರವಾಗಿ ತಗೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಬೈಫೋಕಲ್, ಪ್ರೋಗ್ರೆಸಿವ್ ಹಾಕುವ ಹಿರಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹೊರಗೆ ಓಡಾಡುವಾಗ ಹಾಕಿಕೊಳ್ಳಲು ಬರೀ ದೂರದ ಪವರ್ ಇರುವ ಇನ್ನೊಂದು ಕನ್ನಡಕ ಕೊಟ್ಟರು. ಚೆನ್ನಾಗಿ ಓಡಾಡುವ ಜನರಲ್ಲಿ ಬೀಳುವುದು ಕಡಿಮೆಯಾಯಿತು. ಹೆಚ್ಚು ಹೊರಗೆ ಹೋಗದವರಲ್ಲಿ ಹೊರಗಡೆ ಬೀಳುವುದು ಹೆಚ್ಚಾಯಿತು, ಅಂದರೆ ಇದು ಎಲ್ಲರಿಗೂ ಒಂದೇ ಮದ್ದಲ್ಲ. ನೀವು ದಿನಾ ಅಟ್ಟ ಹತ್ತಿ ಇಳಿಯುವವರು, ಬಹುಶಃ ಬೈಕ್ ಓಡಿಸುವವರು. ನೀವು ಮೊದಲನೇ ಗುಂಪಿಗೇ ಹತ್ತಿರ.

ಮೇಲಿನ ರ‍್ಯಾಕ್‌ನದು ಇದಕ್ಕೆ ತಿರುವುಮುರುವು. ಡಬ್ಬಿ ಇರುವುದು ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ, ಆದರೆ ತಲೆಯ ಮಟ್ಟಕ್ಕಿಂತ ಮೇಲೆ. ಅಲ್ಲಿಗೆ ಕಣ್ಣೆತ್ತಿದರೆ ಲೆನ್ಸಿನ ದೂರದ ಭಾಗ ಸಿಗುತ್ತದೆ. ಹತ್ತಿರದ ಪವರ್ ಇರುವುದು ಕೆಳಗೆ. ಅದನ್ನು ಡಬ್ಬಿಯ ಎದುರಿಗೆ ತರಲು ಗದ್ದ ಎತ್ತಲೇಬೇಕು. ಫ್ರಾಂಕ್ಲಿನ್ ಕಾಲದಿಂದ ಇವತ್ತಿನವರೆಗೆ ಬಂದ ಬಹುತೇಕ ಕನ್ನಡಕಗಳು ಒಂದು ಮಾತನ್ನು ನಂಬಿಕೊಂಡಿವೆ: ಹತ್ತಿರದ ವಸ್ತು ಕೆಳಗಿರುತ್ತದೆ, ದೂರದ್ದು ಎದುರಿಗಿರುತ್ತದೆ. ಕುರ್ಚಿಯಲ್ಲಿ ಕೂತು ಪೇಪರ್ ಓದುವವರಿಗೆ ಸರಿ. ಮೆಡಿಕಲ್ ಶಾಪ್, ಲೈಬ್ರರಿ, ತಲೆ ಮೇಲಿನ ವೈರಿಂಗ್ ಕೆಲಸ, ಕಾರಿನ ಅಡಿ ಮಲಗಿ ರಿಪೇರಿ ಮಾಡುವವರು, ಇವರಿಗೆಲ್ಲ ಅದು ಸುಳ್ಳು.

ತಾನಾಗಿ ಫೋಕಸ್ ಆಗುವ ಕನ್ನಡಕದ ನಿಜವಾದ ಆಸೆ ಇರುವುದು ಇಲ್ಲೇ. ಮೇಲೆ ಕೆಳಗೆ ಅನ್ನುವುದೇ ಇಲ್ಲ. ಇಡೀ ಲೆನ್ಸ್ ಒಮ್ಮೆಗೇ ಪವರ್ ಬದಲಿಸುತ್ತದೆ. ರ‍್ಯಾಕ್ ನೋಡಿದರೆ ರ‍್ಯಾಕಿಗೆ, ಮೆಟ್ಟಿಲು ನೋಡಿದರೆ ಮೆಟ್ಟಿಲಿಗೆ. ಪಕ್ಕದ ಮಸುಕಿಗೂ ಕಾರಣ ಇರುವುದಿಲ್ಲ. ಇದಕ್ಕೆ ಮೂರು ಸಂಗತಿ ಒಟ್ಟಿಗೆ ಕೂಡಿ ಬರಬೇಕು: ಪವರ್ ಬದಲಿಸಬಲ್ಲ ಲೆನ್ಸ್, ನೀವು ಯಾವ ದೂರಕ್ಕೆ ನೋಡುತ್ತಿದ್ದೀರಿ ಎಂದು ತಿಳಿಯುವ ಸೆನ್ಸರ್, ಇವೆರಡನ್ನೂ ನಡೆಸುವ ಬ್ಯಾಟರಿ. ಅದೂ ಮೂಗು ಕಿವಿ ತಡೆಯುವಷ್ಟು ಹಗುರವಾಗಿ.

ಲೆನ್ಸಿಗೆ ಎರಡು ಮುಖ್ಯ ದಾರಿ ಇವೆ. ಒಂದು, ದ್ರವ ತುಂಬಿದ ಲೆನ್ಸ್. ಗ್ಲಿಸರಿನ್ ತುಂಬಿ ತೆಳು ಪೊರೆ ಮುಚ್ಚಿರುತ್ತಾರೆ. ಪೊರೆಯನ್ನು ಸ್ವಲ್ಪ ಒತ್ತಿದರೆ ಬಾಗು ಬದಲಾಗಿ ಪವರ್ ಬದಲಾಗುತ್ತದೆ. ಇದೇ ನೆಲೆಯಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಕಾರ್ಲೋಸ್ ಮಾಸ್ಟ್ರಾಂಜೆಲೋ ಮತ್ತು ನಜ್ಮುಲ್ ಹಸನ್ 2017ರಲ್ಲಿ ಒಂದು ಮಾದರಿ ತೋರಿಸಿದರು. ಮೂಗಿನ ಸೇತುವೆಯ ಮೇಲೆ ಇನ್‌ಫ್ರಾರೆಡ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್ ಇಟ್ಟಿದ್ದರು. ಕೆಲಸ ಮಾಡಿತು, ಆದರೆ ದಪ್ಪ ಫ್ರೇಮು. ಅದಕ್ಕೂ ಎಷ್ಟೋ ಮೊದಲು ಆಕ್ಸ್‌ಫರ್ಡಿನ ಭೌತಶಾಸ್ತ್ರಜ್ಞ ಜೋಶುವಾ ಸಿಲ್ವರ್ ಸಿಲಿಕಾನ್ ಎಣ್ಣೆ ತುಂಬಿದ ಕನ್ನಡಕ ಮಾಡಿದ್ದರು. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ. ಹಾಕಿಕೊಂಡವರೇ ಸಿರಿಂಜಿನಿಂದ ಎಣ್ಣೆ ಹೆಚ್ಚು ಕಡಿಮೆ ಮಾಡಿ ತಮ್ಮ ಪವರ್ ಹೊಂದಿಸಿಕೊಳ್ಳಬಹುದು. ಕಣ್ಣು ಪರೀಕ್ಷೆ ಮಾಡುವವರೇ ಇಲ್ಲದ ಊರುಗಳಿಗಾಗಿ ಮಾಡಿದ್ದು. ನನಗೆ ಈ ಕೆಲಸದ ಮೇಲೆ ಬಹಳ ಗೌರವ ಇದೆ.

ಇನ್ನೊಂದು ದಾರಿ ಲಿಕ್ವಿಡ್ ಕ್ರಿಸ್ಟಲ್. ನಿಮ್ಮ ಕ್ಯಾಲ್ಕುಲೇಟರಿನ ಪರದೆಯಲ್ಲಿರುವ ವಸ್ತುವಿನ ಜಾತಿಯೇ. ವಿದ್ಯುತ್ ಕೊಟ್ಟಾಗ ಅದರ ಕಣಗಳು ತಿರುಗಿ ಬೆಳಕು ಬಾಗುವ ಪ್ರಮಾಣ ಬದಲಾಗುತ್ತದೆ. ಅಲುಗುವ ಭಾಗವೇ ಇಲ್ಲ, ತೆಳ್ಳಗೆ ಇರುತ್ತದೆ, ವಿದ್ಯುತ್ ಬಹಳ ಕಡಿಮೆ ಸಾಕು. ನೋಡಲು ಮಾಮೂಲಿ ಕನ್ನಡಕದಂತೆ ಇರಬೇಕು ಎನ್ನುವವರೆಲ್ಲ ಈ ಕಡೆಗೇ ಬಂದಿದ್ದಾರೆ.

ಆದರೆ ಇದರಲ್ಲೊಂದು ದೊಡ್ಡ ಗಂಟು ಇದೆ, ವಿಡಿಯೋದಲ್ಲಿ ಕಾಣುವುದಿಲ್ಲ. 20 ಮಿಲಿಮೀಟರ್ ಅಗಲದ ಲೆನ್ಸಿಗೆ 2 ಡಯಾಪ್ಟರ್ ಕೊಡಬೇಕಾದರೆ, ನಡುವಿನಿಂದ ಹೋಗುವ ಬೆಳಕನ್ನು ಅಂಚಿನ ಬೆಳಕಿಗಿಂತ ಸುಮಾರು 100 ಮೈಕ್ರಾನಿನಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಹಿಂದೆ ಬೀಳಿಸಬೇಕು. ಲಿಕ್ವಿಡ್ ಕ್ರಿಸ್ಟಲ್ ತನ್ನ ದಪ್ಪದ ಐದನೇ ಒಂದು ಭಾಗದಷ್ಟು ಹಿಂದೆ ಬೀಳಿಸಿದರೆ ಅದೇ ಹೆಚ್ಚು. ಹಾಗಾದರೆ ಅರ್ಧ ಮಿಲಿಮೀಟರ್ ದಪ್ಪದ ಪದರ ಬೇಕಾಗುತ್ತದೆ. ಕೇಳಲು ಸಣ್ಣದು ಅನ್ನಿಸುತ್ತದೆ, ಅಲ್ವಾ? ಪದರದ ದಪ್ಪ ಎರಡು ಪಟ್ಟಾದರೆ ಅದು ಬದಲಾಗಲು ತಗೊಳ್ಳುವ ಸಮಯ ನಾಲ್ಕು ಪಟ್ಟಾಗುತ್ತದೆ. ಅಷ್ಟು ದಪ್ಪದ ಪದರ ಮಂಜು ಮಂಜಾಗುತ್ತದೆ, ತೀರಾ ನಿಧಾನವೂ ಆಗುತ್ತದೆ. ಅದಕ್ಕೇ ತಯಾರಕರು ಪದರವನ್ನು ತೆಳ್ಳಗಿಟ್ಟು ಲೆನ್ಸನ್ನು ಒಂದರ ಸುತ್ತ ಒಂದು ಉಂಗುರಗಳಾಗಿ ಕತ್ತರಿಸುತ್ತಾರೆ. ಉಂಗುರ ಬಂತು ಎಂದರೆ ಅದರ ಅಂಚಿನಲ್ಲಿ ಬೆಳಕು ಚೆದುರುತ್ತದೆ. ರಾತ್ರಿ ಎದುರು ಬರುವ ಲಾರಿಯ ಹೆಡ್‌ಲೈಟ್ ಸುತ್ತ ಪ್ರಭೆ ಕಾಣುವ ಸಾಧ್ಯತೆ ಹುಟ್ಟುವುದು ಇಲ್ಲಿಂದ. ಇನ್ನೊಂದು ಉಪಾಯ, ಪವರ್ ಬದಲಾಗುವ ಜಾಗವನ್ನೇ ಚಿಕ್ಕದು ಮಾಡುವುದು. ಅಗಲ ಅರ್ಧ ಮಾಡಿದರೆ ಬೇಕಾದ ದಪ್ಪ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಆಗ ನೋಡುವ ಕಿಂಡಿ ಚಿಕ್ಕದಾಯಿತಲ್ಲ. ನಾಳೆ ಯಾವ ಕಂಪನಿ ಏನೇ ಹೇಳಿದರೂ ಮೊದಲು ಕೇಳಬೇಕಾದದ್ದು ಇದು: ಪವರ್ ಬದಲಾಗುವ ಜಾಗ ಎಷ್ಟು ಮಿಲಿಮೀಟರ್ ಅಗಲ?

ಎರಡನೇ ಸಂಗತಿ ಸೆನ್ಸರ್. ನನ್ನ ಮಟ್ಟಿಗೆ ಈ ಕನ್ನಡಕದ ಹಣೆಬರಹ ಬರೆಯುವುದು ಇದೇ. ಮೂಗಿನ ಮೇಲೆ ದೂರ ಅಳೆಯುವ ಸೆನ್ಸರ್ ಇಟ್ಟರೆ ಅದು ಮೂಗು ತಿರುಗಿದ ಕಡೆ ಅಳೆಯುತ್ತದೆ, ಕಣ್ಣು ತಿರುಗಿದ ಕಡೆ ಅಲ್ಲ. ನಿಮ್ಮ ಕೌಂಟರನ್ನೇ ನೆನೆಸಿಕೊಳ್ಳಿ. ಮುಖ ಗಿರಾಕಿಯ ಕಡೆ, ಒಂದು ಮೀಟರ್ ದೂರ. ಕಣ್ಣು ಮಾತ್ರ ಕೈಯಲ್ಲಿರುವ ಸ್ಟ್ರಿಪ್ಪಿನ ಮೇಲೆ. ಮರುಕ್ಷಣ ಕಣ್ಣು ಬಿಲ್ಲಿಂಗ್ ಪರದೆಗೆ, ತಲೆ ಅಲುಗಿಲ್ಲ. ಸೆನ್ಸರ್ ಗಿರಾಕಿಯ ಅಂಗಿಯನ್ನೇ ಅಳೆಯುತ್ತಾ ಕೂತಿರುತ್ತದೆ.

ಆದ್ದರಿಂದ ಕಣ್ಣನ್ನೇ ಗಮನಿಸಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿತೀಶ್ ಪದ್ಮನಾಭನ್, ರಾಬರ್ಟ್ ಕೊನ್ರಾಡ್, ಗಾರ್ಡನ್ ವೆಟ್ಜ್‌ಸ್ಟೈನ್ 2019ರಲ್ಲಿ ಮಾಡಿದ್ದು ಅದನ್ನೇ. ಕಣ್ಣು ಎತ್ತ ತಿರುಗಿದೆ ಎಂದು ನೋಡುವ ಕ್ಯಾಮೆರಾ, ಎದುರಿನ ವಸ್ತುಗಳ ದೂರ ಅಳೆಯುವ ಇನ್ನೊಂದು ಕ್ಯಾಮೆರಾ, ಎರಡನ್ನೂ ಸೇರಿಸಿ ದ್ರವ ಲೆನ್ಸನ್ನು ನಡೆಸಿದರು. ಚಾಳೀಸು ಬಂದ 56 ಜನರ ಮೇಲೆ ಪರೀಕ್ಷಿಸಿದಾಗ ಪ್ರೋಗ್ರೆಸಿವ್‌ಗಿಂತ ಚೆನ್ನಾಗಿ ಕೆಲಸ ಮಾಡಿತು. ಆದರೆ ಅದು ಮುಖದ ಮೇಲೆ ಕೂರಿಸಿದ ಒಂದು ಯಂತ್ರ. ಅದನ್ನು ಹಾಕಿಕೊಂಡು ಅಂಗಡಿ ನಡೆಸಲು ಆಗುವುದಿಲ್ಲ.

ಅದಕ್ಕಿಂತ ಸರಳ ದಾರಿಯೊಂದು ಕಣ್ಣಿನಲ್ಲೇ ಇದೆ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ಒಳಕ್ಕೆ ತಿರುಗುತ್ತವೆ. ಎರಡು ಪಾಪೆಗಳ ನಡುವೆ 62 ಮಿಲಿಮೀಟರ್ ಇರುವವರ ಕಣ್ಣು 33 ಸೆಂಟಿಮೀಟರಿಗೆ ನೋಡುವಾಗ ಎರಡೂ ಸೇರಿ 10 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಒಳಗೆ ಬರುತ್ತವೆ. ಒಂದು ಮೀಟರಿಗೆ ಮೂರೂವರೆ ಡಿಗ್ರಿ. ಎರಡು ಮೀಟರಿಗೆ ಎರಡಕ್ಕೂ ಕಡಿಮೆ. ಆರು ಮೀಟರಿಗೆ ಅರ್ಧ ಡಿಗ್ರಿ ಚಿಲ್ಲರೆ. ‘ದೂರ ಹೋದ ಹಾಗೆ ವ್ಯತ್ಯಾಸ ಹಿಡಿಯಲಾರದಷ್ಟು ಸಣ್ಣದಾಗುತ್ತದಲ್ಲ’ ಎನ್ನಬಹುದು. ಇಲ್ಲೇ ಚಂದ ಇರುವುದು. ಎರಡು ಮೀಟರಿಗೂ ಆರು ಮೀಟರಿಗೂ ಬೇಕಾದ ಪವರಿನ ವ್ಯತ್ಯಾಸವೂ 0.33 ಮಾತ್ರ. ಎಲ್ಲೇ ನೋಡಿ, ಮೂರೂವರೆ ಡಿಗ್ರಿಗೆ ಒಂದು ಡಯಾಪ್ಟರ್. ಕೋನ ಅಳೆಯುವಲ್ಲಿ ಒಂದು ಡಿಗ್ರಿ ತಪ್ಪಿದರೂ ಪವರಿನಲ್ಲಿ ತಪ್ಪುವುದು ಕಾಲು ಡಯಾಪ್ಟರಿಗೆ ತುಸು ಹೆಚ್ಚು. ನಾವು ಚೀಟಿ ಬರೆಯುವುದೇ ಕಾಲು ಕಾಲು ಲೆಕ್ಕದಲ್ಲಿ. ಅಂದರೆ ದುಬಾರಿ ಕ್ಯಾಮೆರಾ ಇಲ್ಲದೆಯೂ ಇದು ಸಾಧ್ಯ ಎಂಬ ಭರವಸೆ ಸುಳ್ಳಲ್ಲ. ಮೆಳ್ಳೆಗಣ್ಣು ಇದ್ದವರಿಗೆ, ಒಂದೇ ಕಣ್ಣು ಕೆಲಸ ಮಾಡುವವರಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ನಿಮ್ಮ ಮಗ ಕಳಿಸಿದ್ದು ಬಹುಶಃ ಫಿನ್ಲೆಂಡಿನ ಇಕ್ಸಿ ಕಂಪನಿಯ ವಿಡಿಯೋ ಇರಬೇಕು, ಈಚೆಗೆ ಅದರ ಸುದ್ದಿಯೇ ಜಾಸ್ತಿ. 2021ರಲ್ಲಿ ಶುರುವಾದ ಕಂಪನಿ. 2025ರ ಏಪ್ರಿಲ್‌ನಲ್ಲಿ 3.65 ಕೋಟಿ ಡಾಲರ್ ಬಂಡವಾಳ ತಂದಿತು. ಲಿಕ್ವಿಡ್ ಕ್ರಿಸ್ಟಲ್ ಲೆನ್ಸ್ ಬಳಸುತ್ತಾರೆ. ಕ್ಯಾಮೆರಾ ಬಿಟ್ಟು ಸಣ್ಣ ಇನ್‌ಫ್ರಾರೆಡ್ ದೀಪ ಮತ್ತು ಸೆನ್ಸರ್‌ಗಳಿಂದ ಕಣ್ಣಿನ ಚಲನೆ ಹಿಡಿಯುತ್ತಾರೆ. ದಾರಿ ಸರಿಯಾಗಿದೆ ಎಂದು ನನಗೆ ಅನ್ನಿಸುತ್ತದೆ. ಆದರೂ ಒಂದು ಹಳೆಯ ಕಥೆ ಮರೆಯಬಾರದು. ಅಮೆರಿಕದ ಪಿಕ್ಸೆಲ್ ಆಪ್ಟಿಕ್ಸ್ ಕಂಪನಿ 2011ರಲ್ಲೇ ಲಿಕ್ವಿಡ್ ಕ್ರಿಸ್ಟಲ್ ಕನ್ನಡಕ ಮಾರುಕಟ್ಟೆಗೆ ತಂದಿತ್ತು. ತಲೆ ಬಗ್ಗಿಸಿದರೆ ಓದುವ ಪವರ್ ಚಾಲೂ ಆಗುತ್ತಿತ್ತು, ಎತ್ತಿದರೆ ಬಂದ್. ಎರಡು ವರ್ಷದಲ್ಲಿ ಕಂಪನಿಯೇ ಮುಚ್ಚಿತು. ಇಸ್ರೇಲಿನ ಡೀಪ್ ಆಪ್ಟಿಕ್ಸ್ 2021ರಲ್ಲಿ ಜನರಿಂದಲೇ ಹಣ ಸೇರಿಸಿ ತಂದ ತಂಪು ಕನ್ನಡಕದಲ್ಲಿ ಫೋಕಸ್ ಬದಲಿಸಲು ಕಡ್ಡಿಯ ಮೇಲೆ ಬೆರಳು ಸವರಬೇಕು. ಜಪಾನಿನಲ್ಲಿ ಹೋಯಾ ಲೆನ್ಸ್ ಕಂಪನಿಯಿಂದ ಕವಲೊಡೆದ ವಿಕ್ಸಿಯಾನ್ ತಂದದ್ದು ನಿಜಕ್ಕೂ ತಾನಾಗಿಯೇ ಫೋಕಸ್ ಆಗುತ್ತದೆ. ಆದರೆ ನೋಡುವ ಕಿಂಡಿ ಚಿಕ್ಕದು, ಕೂತು ಮಾಡುವ ಸೂಕ್ಷ್ಮ ಕೆಲಸಕ್ಕೆ ಸರಿ, ಹಾಕಿಕೊಂಡು ನಡೆದಾಡಲು ಅಲ್ಲ. ವಿದೇಶದಿಂದ ಇಂಥದ್ದೇನನ್ನೂ ನೀವು ಈಗ ತರಿಸಬೇಡಿ. ಕಡ್ಡಿ ಮುರಿದರೆ, ಪವರ್ ಬದಲಾದರೆ ಇಲ್ಲಿ ನೋಡುವವರಿಲ್ಲ.

ಹನಿ ಔಷಧಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದು ಪೈಲೊಕಾರ್ಪಿನ್. ಔಷಧಿ ಅಂಗಡಿಯವರಾದ ನಿಮಗೆ ಗೊತ್ತಿರುವ ಹೆಸರೇ, ಹಿಂದಿನಿಂದ ಗ್ಲಾಕೋಮಾ ಎಂಬ ಕಣ್ಣಿನ ಒತ್ತಡದ ಕಾಯಿಲೆಗೆ ಬಳಸುತ್ತಿದ್ದದ್ದು. ಅದು ಮಸೂರವನ್ನು ಮೆತ್ತಗೆ ಮಾಡುವುದಿಲ್ಲ. ಪಾಪೆಯನ್ನು ಚಿಕ್ಕದು ಮಾಡುತ್ತದೆ, ಸಣ್ಣ ತೂತಿನಿಂದ ನೋಡಿದಾಗ ಅಕ್ಷರ ಚೊಕ್ಕ ಕಾಣುವಂತೆ ಕಾಣುತ್ತದೆ. ಕೆಲವು ಗಂಟೆ ಮಾತ್ರ. ಬೆಳಕು ಕಡಿಮೆ ಇದ್ದಲ್ಲಿ ಎಲ್ಲ ಮಬ್ಬಾಗುತ್ತದೆ, ತಲೆನೋವು ಬರಬಹುದು. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಹರಿಯುವ ಅಪಾಯ ಅಪರೂಪಕ್ಕೆ ಇರುವುದರಿಂದ ರೆಟಿನಾ ಪರೀಕ್ಷೆ ಮಾಡಿಸದೆ ಹಾಕಿಕೊಳ್ಳುವ ಔಷಧಿ ಅದಲ್ಲ. ನಮ್ಮ ದೇಶದಲ್ಲಿ 2024ರಲ್ಲಿ ಇಂಥ ಒಂದು ಹನಿಗೆ ಅನುಮತಿ ಸಿಕ್ಕಿತು. ‘ಕನ್ನಡಕ ಬಿಡಿಸುವ ಔಷಧಿ’ ಎಂಬ ಅಬ್ಬರದ ಪ್ರಚಾರದ ನಂತರ ಸೆಪ್ಟೆಂಬರ್‌ನಲ್ಲಿ ಔಷಧ ನಿಯಂತ್ರಕರು ಆ ಅನುಮತಿಯನ್ನು ತಡೆಹಿಡಿದರು. ಸಂಜೆ ಹೊತ್ತು ಅಟ್ಟ ಹತ್ತುವ ನಿಮಗೆ ನಾನಂತೂ ಇದನ್ನು ಹೇಳುವುದಿಲ್ಲ.

ಇನ್ನು ನಿಮ್ಮ ಅಂಗಡಿಗೆ ಬರೋಣ.

ಹೊಸದನ್ನು ಮಾಡಿಸುವ ಮೊದಲು ಇರುವ ಪ್ರೋಗ್ರೆಸಿವ್ ಸರಿಯಾಗಿ ಕೂತಿದೆಯೇ ನೋಡಿ. ಲೆನ್ಸಿನ ಮೇಲೆ ಬಾಯಿಂದ ಹಬೆ ಊದಿ ದೀಪಕ್ಕೆ ಅಡ್ಡ ಹಿಡಿದರೆ ಎರಡು ಸಣ್ಣ ಕೆತ್ತನೆ ಗುರುತು ಕಾಣುತ್ತವೆ, ಒಂದು ಮೂಗಿನ ಕಡೆ, ಒಂದು ಕಿವಿಯ ಕಡೆ. ಅವುಗಳ ನಡುವೆ 34 ಮಿಲಿಮೀಟರ್ ಇರುತ್ತದೆ. ಕಿವಿ ಕಡೆಯ ಗುರುತಿನ ಕೆಳಗೆ ನಿಮ್ಮ ಓದುವ ಪವರ್ ಕೆತ್ತಿರುತ್ತಾರೆ. ‘20’ ಎಂದಿದ್ದರೆ ಪ್ಲಸ್ 2. ಕನ್ನಡಕ ಹಾಕಿಕೊಂಡು ನೇರ ನೋಡಿದಾಗ ಈ ಎರಡು ಗುರುತನ್ನು ಸೇರಿಸುವ ಗೆರೆ ಪಾಪೆಗಿಂತ ಸ್ವಲ್ಪವೇ ಕೆಳಗೆ ಬರಬೇಕು. ಬೇರೆಯವರಿಗೆ ನೋಡಲು ಹೇಳಿ, ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಟ್ಟರೆ ಸುಲಭ. ಗೆರೆ ತೀರಾ ಕೆಳಗಿದ್ದರೆ, ಅಂದರೆ ಫ್ರೇಮ್ ಮೂಗಿನ ಮೇಲೆ ಜಾರಿದ್ದರೆ, ಓದುವ ಭಾಗವೂ ಕೆಳಗೆ ಹೋಗಿ ಗದ್ದ ಇನ್ನಷ್ಟು ಎತ್ತಬೇಕಾಗುತ್ತದೆ. ಕಡ್ಡಿಯನ್ನು ಕಿವಿಯ ಹಿಂದೆ ಬಿಗಿಯಾಗಿ ಬಾಗಿಸುವುದು, ನೋಸ್ ಪ್ಯಾಡ್ ಹೊಂದಿಸುವುದು ಐದು ನಿಮಿಷದ ಕೆಲಸ. ಕನ್ನಡಕದ ಅಂಗಡಿಯಲ್ಲಿ ಕೇಳಿದರೆ ಮಾಡಿಕೊಡುತ್ತಾರೆ. ಇದರಿಂದಲೇ ಅರ್ಧ ಕಷ್ಟ ಕಡಿಮೆಯಾದವರು ಎಷ್ಟೋ ಜನ.

ಆಮೇಲೆ ಒಂದು ಟೇಪ್ ತಗೊಳ್ಳಿ. ಅಂಗಡಿಯಲ್ಲಿ ಎಂದಿನ ಹಾಗೆ ನಿಂತುಕೊಂಡು ಕಣ್ಣಿನಿಂದ ಸ್ಟ್ರಿಪ್ಪಿಗೆ, ಬಿಲ್ಲಿಂಗ್ ಪರದೆಗೆ, ಎದುರಿನ ರ‍್ಯಾಕಿಗೆ, ಮೇಲಿನ ರ‍್ಯಾಕಿಗೆ, ಗಿರಾಕಿಯ ಮುಖಕ್ಕೆ ಎಷ್ಟು ದೂರ ಎಂದು ಅಳೆದು ಚೀಟಿಯಲ್ಲಿ ಬರೆಯಿರಿ. ಪ್ರತಿಯೊಂದು ಕಣ್ಣಿನ ಮಟ್ಟಕ್ಕಿಂತ ಮೇಲೋ ಕೆಳಗೋ ಎಂದೂ ಬರೆಯಿರಿ. ಯಾವುದೂ ಒಂದು ಮೀಟರಿನ ಮೇಲೆ ಹೋಗುವುದಿಲ್ಲ ಎಂಬುದು ನನ್ನ ಅಂದಾಜು. ಹಾಗಿದ್ದರೆ ಕೌಂಟರಿನ ಒಳಗೆ ನಿಂತಾಗ ನಿಮಗೆ ದೂರದ ಪವರ್ ಬೇಕಾಗೇ ಇಲ್ಲ. ಪ್ರೋಗ್ರೆಸಿವ್ ಲೆನ್ಸಿನ ಮೇಲಿನ ಅರ್ಧ ಭಾಗ ಇಡೀ ದಿನ ಖಾಲಿ ಕೂತಿದೆ.

ಇಂಥ ಕೆಲಸಕ್ಕೆಂದೇ ಆಫೀಸ್ ಲೆನ್ಸ್ ಸಿಗುತ್ತದೆ, ಕೆಲವರು ಆಕ್ಯುಪೇಷನಲ್ ಲೆನ್ಸ್ ಎನ್ನುತ್ತಾರೆ. ಕೆಳಗೆ ನಿಮ್ಮ ಪೂರ್ತಿ ಓದುವ ಪವರ್. ಮೇಲಕ್ಕೆ ಹೋದ ಹಾಗೆ ಕಡಿಮೆಯಾಗುತ್ತದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ಮೇಲ್ಭಾಗದಲ್ಲೂ ಹೆಚ್ಚುವರಿ ಪ್ಲಸ್ 1ರ ಹತ್ತಿರ ಉಳಿಸಿದರೆ ಕಣ್ಣೆತ್ತಿದ ಕೂಡಲೇ ರ‍್ಯಾಕಿನ ಡಬ್ಬಿ ಸ್ಪಷ್ಟ, ಗದ್ದ ಎತ್ತುವ ಅಗತ್ಯವಿಲ್ಲ. ಪವರ್ ಏರಬೇಕಾದದ್ದು ಎರಡರ ಬದಲು ಒಂದೇ ಡಯಾಪ್ಟರ್ ಆದ್ದರಿಂದ, ಆ ಮಿಂಕ್‌ವಿಟ್ಜ್ ಲೆಕ್ಕದ ಪ್ರಕಾರವೇ, ಪಕ್ಕದ ಮಸುಕೂ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಪರದೆ ಅಗಲವಾಗಿ ಕಾಣುತ್ತದೆ. ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ: ಇದರಲ್ಲಿ ಒಂದು ಮೀಟರಿನ ಆಚೆ ಮಸುಕು. ಇದನ್ನು ಹಾಕಿಕೊಂಡು ಅಟ್ಟ ಇಳಿಯಬಾರದು, ಬೈಕ್ ಹತ್ತಲೇಬಾರದು.

ಮೇಲಿನ ರ‍್ಯಾಕಿನಲ್ಲಿ ಹೆಸರಷ್ಟೇ ಅಲ್ಲ, ಸಣ್ಣ ಅಕ್ಷರದ ಬ್ಯಾಚ್ ನಂಬರನ್ನೂ ಅಲ್ಲೇ ನಿಂತು ಓದಬೇಕು ಎಂದಾದರೆ ಇನ್ನೊಂದು ಬಗೆ ಇದೆ. ಬೈಫೋಕಲ್‌ನಲ್ಲಿ ಕೆಳಗೆ ಇರುವ ಹಾಗೆಯೇ ಮೇಲೂ ಒಂದು ಓದುವ ತುಂಡು ಇರುವ ಲೆನ್ಸ್, ಡಬಲ್ ಡಿ. ಹಳೆಯ ಬಗೆ, ಚಂದಕ್ಕೆ ಹಾಕುವುದಲ್ಲ. ಎಲ್ಲ ಅಂಗಡಿಯಲ್ಲೂ ಇಟ್ಟಿರುವುದಿಲ್ಲ, ಲ್ಯಾಬಿಗೆ ಹೇಳಿ ತರಿಸಬೇಕು. ನಿಮಗೆ ನಾನು ಮೊದಲು ಹೇಳುವುದು ಆಫೀಸ್ ಲೆನ್ಸ್. ಅದರಲ್ಲಿ ತೃಪ್ತಿಯಾಗದಿದ್ದರೆ ಮಾತ್ರ ಇದು.

ಮೆಟ್ಟಿಲಿಗೆ, ಬೈಕಿಗೆ ಬರೀ ದೂರದ ಪ್ಲಸ್ 0.75 ಇರುವ ಸಾದಾ ಕನ್ನಡಕ ಒಂದಿರಲಿ. ಅಗ್ಗದ ಫ್ರೇಮ್ ಸಾಕು. ಅದು ಬರುವವರೆಗೆ ಮೆಟ್ಟಿಲು ಇಳಿಯುವಾಗ ಗದ್ದವನ್ನು ಎದೆಯ ಕಡೆ ತಂದು ಲೆನ್ಸಿನ ಮೇಲ್ಭಾಗದಿಂದ ನೋಡಿ, ಪಕ್ಕದ ಕಂಬಿ ಹಿಡಿದುಕೊಳ್ಳಿ. ಪ್ರತಿ ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಅಂಟಿಸಿ, ಒಂದು ಒಳ್ಳೆಯ ಎಲ್‌ಇಡಿ ಬಲ್ಬ್ ಹಾಕಿಸಿ. ಪ್ರೋಗ್ರೆಸಿವ್ ಎಸೆಯಬೇಡಿ. ಮದುವೆ ಮನೆಗೆ, ಬ್ಯಾಂಕಿಗೆ, ಪೇಟೆಗೆ ಹೋಗುವಾಗ ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಪವರ್ ಪರೀಕ್ಷೆಗೆ ಹೋದಾಗ ಕಣ್ಣಿನ ಒತ್ತಡ, ರೆಟಿನಾ ಎರಡನ್ನೂ ನೋಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬಂದ ಮೇಲೆಯೇ ನಂಬರ್ ಬರೆಸಿ, ಸಕ್ಕರೆ ಏರಿಳಿದರೆ ಪವರೂ ಏರಿಳಿಯುತ್ತದೆ. ಮುಂದೆ ಪೊರೆ ಬಂದು ಆಪರೇಷನ್ ಆದರೆ ಕಣ್ಣಿನ ಒಳಗಿನ ಮಸೂರವೇ ಬದಲಾಗುತ್ತದೆ. ಆಗ ಈ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಬೇಕು.

ಮಗನಿಗೆ ಹೀಗೆ ಹೇಳಿ. ಆ ಕನ್ನಡಕ ನಮ್ಮಲ್ಲಿ ಮಾರಾಟಕ್ಕೆ ಬಂದ ದಿನ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಲಿ. ಬದಲಾಗುವ ಜಾಗದ ಅಗಲ ಎಷ್ಟು, ಆಗಲೇ ಹೇಳಿದೆ. ಬ್ಯಾಟರಿ ಮುಗಿದಾಗ ಲೆನ್ಸ್ ಯಾವ ಪವರಿಗೆ ಬಂದು ನಿಲ್ಲುತ್ತದೆ? ದೂರದ ಪವರಿಗೇ ನಿಲ್ಲಬೇಕು. ಬೈಕ್ ಮೇಲಿರುವಾಗ ಓದುವ ಪವರಿಗೆ ನಿಂತರೆ ಪ್ರಾಣಕ್ಕೆ ಬರುತ್ತದೆ. ಸಿಲಿಂಡರ್ ಪವರ್, ಅಂದರೆ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಪವರ್, ಇದ್ದವರಿಗೂ ಮಾಡಿಕೊಡುತ್ತಾರಾ? ರಾತ್ರಿ ದೀಪದ ಸುತ್ತ ಉಂಗುರ ಕಾಣುತ್ತದಾ? ಕೊನೆಯದನ್ನು ಅಂಗಡಿಯ ಬೆಳಕಿನಲ್ಲಿ ನೋಡಿ ಹೇಳಲು ಆಗದು, ಕತ್ತಲಲ್ಲಿ ರಸ್ತೆ ಬದಿ ನಿಂತು ನೋಡಬೇಕು. ಈ ನಾಲ್ಕಕ್ಕೂ ನೇರ ಉತ್ತರ ಸಿಕ್ಕರೆ ಖಂಡಿತ ತಗೊಳ್ಳಿ.

ಕೊನೆಗೆ, ನೀವು ಔಷಧಿ ಅಂಗಡಿಯವರಾದ್ದರಿಂದ ಒಂದು ವಿನಂತಿ. ಜಗತ್ತಿನಲ್ಲಿ ಚಾಳೀಸು ಇರುವವರು ಸುಮಾರು 180 ಕೋಟಿ, ಅವರಲ್ಲಿ 82 ಕೋಟಿಗೂ ಹೆಚ್ಚು ಜನರಿಗೆ ಸರಿಯಾದ ಓದುವ ಕನ್ನಡಕವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ವರದಿಯಲ್ಲಿ ಹೇಳಿದೆ. ಅಸ್ಸಾಮಿನ ಚಹಾ ತೋಟದಲ್ಲಿ ಎಲೆ ಕೀಳುವ, ನಲವತ್ತು ದಾಟಿದ ಕೆಲಸಗಾರರಿಗೆ ಸಾದಾ ಓದುವ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗಿಂತ ಸಿಕ್ಕವರ ಕೆಲಸದ ಪ್ರಮಾಣ ಸುಮಾರು 22 ಪರ್ಸೆಂಟ್ ಹೆಚ್ಚು ಏರಿತು. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ, ಬರೀ ಪ್ಲಾಸ್ಟಿಕ್ ಲೆನ್ಸ್. ನಿಮ್ಮ ಕೌಂಟರಿಗೆ ಬರುವ ಎಷ್ಟೋ ಜನ ಸ್ಟ್ರಿಪ್ಪಿನ ಮೇಲೆ ಏನಿದೆ ಎಂದು ಓದಲಾಗದೆ ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ, ಕೇಳಲು ಸಂಕೋಚ. ಕೌಂಟರಿನ ಮೇಲೆ ಪ್ಲಸ್ 1.5ರದ್ದು ಒಂದು, ಪ್ಲಸ್ 2.5ರದ್ದು ಒಂದು ರೆಡಿಮೇಡ್ ಕನ್ನಡಕ ದಾರ ಕಟ್ಟಿ ಇಡಿ. ಹಾಕಿಕೊಂಡು ಮಾತ್ರೆಯ ಹೆಸರನ್ನೂ ದಿನಾಂಕವನ್ನೂ ಅವರೇ ಓದಿ ನೋಡಲಿ. ಓದಲು ಬಂತು ಎಂದು ಖುಷಿಪಟ್ಟವರಿಗೆ ಹತ್ತಿರದ ಕಣ್ಣಿನ ಆಸ್ಪತ್ರೆಯ ದಾರಿ ಹೇಳಿ, ಪೂರ್ತಿ ಪರೀಕ್ಷೆ ಮಾಡಿಸಿಕೊಂಡು ಬರಲು ಕಳಿಸಿ.